ವೀರಗಲ್ಲು ಚೌಕದಲ್ಲಿ ಹಿಡಿಸುವುದಿಲ್ಲ: ನಮ್ಮ ಶಾಸನ ಜಾಲತಾಣದ ಹೊಸ ರೂಪದ ಬಗ್ಗೆ

ನಮ್ಮ ಭಾಗದ ಶಾಸನಾಸಕ್ತರ ಬಳಗ ನಡೆಸುತ್ತಿರುವ ಜಾಲತಾಣಕ್ಕೆ ಈ ಬೇಸಿಗೆಯಲ್ಲಿ ಹೊಸ ರೂಪ ಬಂದಿದೆ. ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಶಿಕ್ಷಕರು, ಬ್ಯಾಂಕಿನವರು, ರೈತರು, ಕಾಲೇಜು ವಿದ್ಯಾರ್ಥಿಗಳು ರಜೆಯ ದಿನಗಳಲ್ಲಿ ಊರೂರು ತಿರುಗಿ, ಹೊಲದ ಬದುವಿನಲ್ಲಿಯೋ ಹನುಮಪ್ಪನ ಗುಡಿಯ ಹಿಂದೆಯೋ ನಿಂತಿರುವ ಕಲ್ಲುಗಳ ಚಿತ್ರ ತೆಗೆದು, ತಿಳಿದಷ್ಟು ಓದಿ, ತಿಳಿಯದಿದ್ದುದನ್ನು ತಿಳಿದವರಿಂದ ಓದಿಸಿ ಅಲ್ಲಿ ಸೇರಿಸುತ್ತ ಬಂದಿದ್ದೇವೆ. ಇದರಿಂದ ಯಾರಿಗೂ ಸಂಬಳವಿಲ್ಲ, ಪದವಿಯೂ ಇಲ್ಲ, ಹವ್ಯಾಸವಷ್ಟೇ. ಆದರೂ ಇನ್ನೆಲ್ಲಿಯೂ ಅಚ್ಚಾಗದ ಎಷ್ಟೋ ವೀರಗಲ್ಲುಗಳ (ಹೋರಾಡಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲುಗಳ), ದಾನಶಾಸನಗಳ ದಾಖಲೆ ಈ ತಾಣದಲ್ಲಿ ಮಾತ್ರ ಇರುವುದರಿಂದ, ಅದು ಹೇಗೆ ಕಾಣುತ್ತದೆ ಎಂಬ ಪ್ರಶ್ನೆಯನ್ನು ಅಲಂಕಾರದ ಪ್ರಶ್ನೆಯೆಂದು ಬದಿಗಿಡಲು ನನಗೆ ಮನಸ್ಸಾಗುತ್ತಿಲ್ಲ.

ಹೊಸ ರೂಪದ ಬಗ್ಗೆ ಸದಸ್ಯರ ಅಭಿಪ್ರಾಯ ಕೇಳಿದಾಗ ಬಂದ ಉತ್ತರಗಳಲ್ಲಿ ಹೆಚ್ಚಿನವು "ಸೂಪರ್" ಎಂಬುದಕ್ಕೋ "ಹಳೆಯದೇ ಚೆನ್ನಾಗಿತ್ತು" ಎಂಬುದಕ್ಕೋ ನಿಂತುಬಿಟ್ಟವು. ಈ ಎರಡರಿಂದಲೂ ವಿನ್ಯಾಸ ಮಾಡಿದವರಿಗೆ ಮುಂದೇನು ಮಾಡಬೇಕೆಂಬುದು ತಿಳಿಯುವುದಿಲ್ಲ. ವಿನ್ಯಾಸ ಮಾಡಿದವಳು ರಾಯಚೂರಿನ ಹುಡುಗಿ. ಬೇರೆ ಕಡೆ ಕೆಲಸ ಮಾಡುತ್ತ, ರಾತ್ರಿಯ ಬಿಡುವಿನಲ್ಲಿ ಹಣ ಪಡೆಯದೆ ಇಷ್ಟನ್ನೂ ಮಾಡಿದ್ದಾಳೆ. ಅವಳ ಶ್ರಮಕ್ಕೆ ಸಲ್ಲಬೇಕಾದ ಗೌರವವೆಂದರೆ ವಿವರವಾದ ಉತ್ತರ ಎಂದುಕೊಂಡು, ನಾನು ಮತ್ತು ನನ್ನ ಪರಿಚಯದ ಕೆಲವು ಸದಸ್ಯರು ಹೊಸ ತಾಣವನ್ನು ಬಳಸುವಾಗ ಎಲ್ಲಿ ನಿಂತೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಳ್ಳೆಯದಾಗಿರುವುದು ಬಹಳ ಇದೆ. ಮೊಬೈಲಿನಲ್ಲಿ ಹಳೆಯ ಪುಟವನ್ನು ಎರಡು ಬೆರಳಿನಿಂದ ಹಿಗ್ಗಿಸುತ್ತ, ಅತ್ತಿತ್ತ ಎಳೆಯುತ್ತ ಓದಬೇಕಾಗಿತ್ತು. ಈಗ ಆ ಕಷ್ಟವಿಲ್ಲ. ಅಕ್ಷರಗಳು ದೊಡ್ಡದಾಗಿವೆ. ನಕ್ಷೆಯ ಮೇಲೆ ಊರನ್ನು ಮುಟ್ಟಿದರೆ ಆ ಊರಿನ ಕಲ್ಲುಗಳೆಲ್ಲ ಒಂದೆಡೆ ಕಾಣುತ್ತವೆ; ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳ ಅಶೋಕನ ಶಾಸನಗಳನ್ನು ಒಂದೇ ದಿನದಲ್ಲಿ ನೋಡಿ ಬರಲು ಹೊರಡುವವರಿಗೆ ಇದರಷ್ಟು ಉಪಕಾರ ಇನ್ನಾವುದರಿಂದಲೂ ಆಗದು. ಹೊಸ ಚಿತ್ರ ಸೇರಿಸುವ ಕ್ರಮವೂ ಸರಳವಾಗಿದೆ.

ಎಲ್ಲಕ್ಕಿಂತ ಮೊದಲು ಸರಿಪಡಿಸಬೇಕಾದದ್ದು ಚಿತ್ರಗಳ ಆಕಾರ. ಹೊಸ ಪುಟದಲ್ಲಿ ಪ್ರತಿ ಕಲ್ಲಿಗೂ ಒಂದೊಂದು ಕಾರ್ಡ್ ಇದ್ದು, ಕಾರ್ಡಿನ ಮೇಲಿನ ಚಿತ್ರವು ಚೌಕಾಕಾರಕ್ಕೆ ತಾನಾಗಿಯೇ ಕ್ರಾಪ್ ಆಗುತ್ತದೆ. ಸಾಲು ಸಾಲಾಗಿ ನೋಡಿದರೆ ಅಂದವಾಗಿಯೇ ಕಾಣುತ್ತದೆ. ಆದರೆ ನಮ್ಮ ಕಲ್ಲುಗಳು ಚೌಕವಾಗಿಲ್ಲ. ವೀರಗಲ್ಲು ಸಾಮಾನ್ಯವಾಗಿ ಎತ್ತರದ ಕಲ್ಲು, ಅದರಲ್ಲಿ ಒಂದರ ಮೇಲೊಂದು ಮೂರು ಪಟ್ಟಿಕೆಗಳಿರುತ್ತವೆ ಮತ್ತು ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ತುರುಗೋಳೋ (ದನಗಳ ಸೂರೆ) ಊರಳಿವೋ (ಊರಿನ ಮೇಲಿನ ದಾಳಿ) ಯಾವುದೋ ಒಂದು ಕಾಳಗ, ನಡುವೆ ಸತ್ತ ವೀರನನ್ನು ಕೈಹಿಡಿದು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ವೀರ. ಬರಹವಿದ್ದರೆ ಅದು ಪಟ್ಟಿಕೆಗಳ ನಡುವಿನ ಅಡ್ಡಪಟ್ಟಿಯಲ್ಲಿರುತ್ತದೆ. ಚೌಕಕ್ಕೆ ಕತ್ತರಿಸಿದಾಗ ಉಳಿಯುವುದು ನಡುವಿನ ಪಟ್ಟಿಕೆ ಮಾತ್ರ. ಅದು ಹೆಚ್ಚು ಕಡಿಮೆ ಎಲ್ಲ ವೀರಗಲ್ಲುಗಳಲ್ಲಿಯೂ ಒಂದೇ ರೀತಿ ಇರುವುದರಿಂದ, ಪರದೆಯ ತುಂಬ ಒಂದೇ ಕಲ್ಲನ್ನು ಹಲವು ಬಾರಿ ಹಾಕಿದಂತೆ ಕಾಣುತ್ತದೆ. ಒಂದು ಕಲ್ಲನ್ನು ಇನ್ನೊಂದರಿಂದ ಬೇರೆ ಮಾಡುವುದು ಕೆಳಗಿನ ಪಟ್ಟಿಕೆ: ಅಲ್ಲಿ ದನಗಳಿವೆಯೇ, ಕುದುರೆಯಿದೆಯೇ, ಹುಲಿಯಿದೆಯೇ, ಹೆಂಗಸಿದ್ದಾಳೆಯೇ ಎಂಬುದರಿಂದಲೇ ಆ ಸಾವು ಹೇಗೆ ಬಂತೆಂದು ತಿಳಿಯುತ್ತದೆ.

ಸಿರುಗುಪ್ಪದ ಕಡೆಯ ನಿವೃತ್ತ ಮಾಸ್ತರರೊಬ್ಬರು ನಮ್ಮ ಬಳಗದ ಹಿರಿಯ ಸದಸ್ಯರು. ಅವರು ಮೊದಲ ದಿನವೇ ಫೋನು ಮಾಡಿ, "ಯವ್ವಾ, ಕಲ್ಲಿಗೆ ತಲಿ ಇಲ್ಲ, ಕಾಲಿಲ್ಲ, ಬರೇ ಹೊಟ್ಟಿ ತೋರಿಸ್ಯಾರಲ್ಲಾ, ಇದು ಯಾವ ಊರಿನ ಕಲ್ಲಂತ ನಾ ಹ್ಯಾಂಗ ಗುರುತು ಹಿಡೀಲಿ" ಎಂದರು. ದಾನಶಾಸನಗಳ ಸ್ಥಿತಿಯೂ ಇದೇ. ತಲೆಯ ಭಾಗದ ಸೂರ್ಯ, ಚಂದ್ರ, ಲಿಂಗ, ಹಸು ಕರು, ಖಡ್ಗ ಹಾರಿಹೋಗುತ್ತವೆ; ಕಲ್ಲು ಶೈವ ದಾನದ್ದೋ ಜೈನ ಬಸದಿಯದ್ದೋ ಎಂದು ಬರಹ ಓದುವ ಮೊದಲೇ ಹೇಳುವ ಗುರುತುಗಳು ಅವೇ. ಕೆಳಗಿನ ಶಾಪಾಶಯದ, ಎಂದರೆ ದಾನವನ್ನು ಕೆಡಿಸಿದವರಿಗೆ ಶಾಪ ಹಾಕುವ, ಸಾಲುಗಳೂ ಹೋಗುತ್ತವೆ. "ಸ್ವದತ್ತಾಂ ಪರದತ್ತಾಂ ವಾ" ಎಂಬ ಶ್ಲೋಕ ಕಂಡರೆ ಶಾಸನ ಅಲ್ಲಿಗೆ ಮುಗಿಯುತ್ತದೆಂದು ಗೊತ್ತಾಗುತ್ತದೆ. ಅದು ಕಾಣದಿದ್ದರೆ ಕಲ್ಲು ಒಡೆದಿದೆಯೋ, ನೆಲದಲ್ಲಿ ಹೂತಿದೆಯೋ, ಚಿತ್ರವೇ ತುಂಡಾಗಿದೆಯೋ ಎಂದು ಹೇಳಲಾಗದು.

ಇದನ್ನು ವಿನ್ಯಾಸ ಮಾಡಿದ ಹುಡುಗಿಗೆ ಹೇಳಿದಾಗ, "ಅಕ್ಕಾ, ಒಂದೊಂದು ಫೋಟೋ ಒಂದೊಂದು ಅಳತೆ ಅದಾವ್ರಿ, ಸಾಲು ಸರಿಯಾಗಿ ಕೂಡಲಿ ಅಂತ ಚೌಕ ಮಾಡಿದೆ" ಎಂದಳು. ಅವಳ ಕಾರಣ ಸಹಜವಾದದ್ದೇ. ಊಟದ ಚಿತ್ರಕ್ಕೋ ಪ್ರವಾಸದ ಚಿತ್ರಕ್ಕೋ ಈ ಕ್ರಮದಿಂದ ನಷ್ಟವಿಲ್ಲ, ಏಕೆಂದರೆ ಅಲ್ಲಿ ಮುಖ್ಯವಾದದ್ದು ನಡುವೆ ಇರುತ್ತದೆ. ಕಲ್ಲಿಗೆ ಮಾತ್ರ ಅಂಚೇ ಮುಖ್ಯ. ಕಾರ್ಡಿನ ಅಗಲ ಒಂದೇ ಇರಲಿ, ಎತ್ತರ ಕಲ್ಲಿಗೆ ತಕ್ಕಂತೆ ಹೆಚ್ಚು ಕಡಿಮೆಯಾಗಲಿ ಎಂಬುದು ನನ್ನ ಸಲಹೆ. ಸಾಲು ಡೊಂಕಾಗಿ ಕಂಡರೂ ಚಿಂತೆಯಿಲ್ಲ. ಊರ ಅಗಸೆಯ ಮುಂದೆ ನಿಂತಿರುವ ಕಲ್ಲುಗಳೂ ಒಂದೇ ಎತ್ತರವಿಲ್ಲ.

ಚಿತ್ರದ ಗುಣಮಟ್ಟದ ಬಗ್ಗೆಯೂ ಒಂದು ಮಾತು. ಪುಟ ಬೇಗ ತೆರೆಯಲೆಂದು ಚಿತ್ರಗಳನ್ನು ಬಹಳವಾಗಿ ಕುಗ್ಗಿಸಲಾಗಿದೆ. ಸವೆದ ಕಲ್ಲನ್ನು ನಾವು ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ, ಇಲ್ಲವೇ ಕನ್ನಡಿಯಿಂದ ಬದಿಯ ಬೆಳಕು ಹಾಯಿಸಿ ತೆಗೆಯುತ್ತೇವೆ. ಆಳವಿಲ್ಲದ ಗೆರೆಯಲ್ಲಿ ಬೀಳುವ ಸಣ್ಣ ನೆರಳಿನಿಂದಲೇ ಅಕ್ಷರ ಮೂಡುತ್ತದೆ. ಚಿತ್ರವನ್ನು ಕುಗ್ಗಿಸುವ ತಂತ್ರ ಮೊದಲು ಅಳಿಸಿಹಾಕುವುದು ಇಂಥ ಸೂಕ್ಷ್ಮ ನೆರಳುಗಳನ್ನೇ. ಪಕಾರ ವಕಾರಗಳ ಭೇದ, ದೀರ್ಘದ ಗುರುತು, ಕಲ್ಲಿನ ಸಹಜ ಗುಳಿಗೂ ಬರೆದವನು ಕೊರೆದ ಸೊನ್ನೆಗೂ ಇರುವ ವ್ಯತ್ಯಾಸ ಎಲ್ಲವೂ ಅದರೊಂದಿಗೆ ಹೋಗುತ್ತವೆ. ಪಟ್ಟಿಯಲ್ಲಿ ಸಣ್ಣ ಚಿತ್ರ ಇರಲಿ. ಮುಟ್ಟಿದಾಗ ಮಾತ್ರ ಮೂಲ ಚಿತ್ರ ಪೂರ್ತಿ ಗಾತ್ರದಲ್ಲಿ ತೆರೆಯಬೇಕು, ಹಾಗೆಯೇ ಇಳಿಸಿಕೊಳ್ಳಲೂ ಸಿಗಬೇಕು. ಚಿತ್ರವನ್ನು ತಿರುಗಿಸುವ ಗುಂಡಿ ಕೊಟ್ಟಿರುವುದು ಬಹಳ ಉಪಯುಕ್ತ, ಅದನ್ನು ತೆಗೆಯಬಾರದು. ಬೆಳಕು ಮೇಲಿನಿಂದ ಬರುತ್ತದೆಂದು ಕಣ್ಣು ನಂಬಿರುವುದರಿಂದ, ಕೆಳಗಿನಿಂದ ಬೆಳಕು ಬಿದ್ದ ಚಿತ್ರದಲ್ಲಿ ಕೊರೆದ ಅಕ್ಷರ ಉಬ್ಬಿದಂತೆ ಕಾಣುವುದುಂಟು. ಚಿತ್ರವನ್ನು ತಲೆಕೆಳಗು ಮಾಡಿದರೆ ಅದು ಮತ್ತೆ ಕೊರೆದಂತೆ ಕಾಣುತ್ತದೆ.

ಡಾರ್ಕ್ ಮೋಡ್ ಬಂದದ್ದಕ್ಕೆ ಕಿರಿಯ ಸದಸ್ಯರು ಸಂತೋಷಪಟ್ಟಿದ್ದಾರೆ, ರಾತ್ರಿ ಓದುವಾಗ ನನಗೂ ಅದು ಹಿತವೆನಿಸಿತು. ತೊಡಕಾಗುವುದು ಪಡಿಯಚ್ಚುಗಳಲ್ಲಿ. ಪಡಿಯಚ್ಚು ತೆಗೆಯುವಾಗ ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ಒತ್ತುತ್ತಾರೆ. ಕೊರೆದ ಅಕ್ಷರದ ಒಳಕ್ಕೆ ಮಸಿ ತಾಗದೆ ಅದು ಬೆಳ್ಳಗೆ ಉಳಿಯುತ್ತದೆ, ಸುತ್ತಲಿನದೆಲ್ಲ ಕಪ್ಪಾಗುತ್ತದೆ. ಈ ಕಪ್ಪು ಹಾಳೆಯನ್ನು ಕಪ್ಪು ಪುಟದ ಮೇಲೆ ಅಂಚಿಲ್ಲದೆ ಇಟ್ಟಾಗ ಕಾಗದ ಎಲ್ಲಿ ಮುಗಿಯಿತು, ಕಲ್ಲು ಎಲ್ಲಿ ಒಡೆದಿದೆ ಎಂಬುದು ಗೊತ್ತಾಗುವುದಿಲ್ಲ. ಸಾಲಿನ ಕೊನೆಯಲ್ಲಿ ಎಷ್ಟು ಅಕ್ಷರ ನಷ್ಟವಾಗಿರಬಹುದೆಂದು ಅಂದಾಜು ಮಾಡುವುದು ಆ ಅಂಚನ್ನು ನೋಡಿಯೇ. ಪಡಿಯಚ್ಚಿನ ಸುತ್ತ ಒಂದು ತೆಳುವಾದ ಬಿಳಿ ಚೌಕಟ್ಟು ಹಾಕಿದರೆ ಸಾಕು. ಡಾರ್ಕ್ ಮೋಡಿನಲ್ಲಿ ಚಿತ್ರಗಳ ಹೊಳಪನ್ನು ತಾನಾಗಿ ತಗ್ಗಿಸುವ ವ್ಯವಸ್ಥೆಯನ್ನು ಮಾತ್ರ ಪೂರ್ತಿ ತೆಗೆದುಹಾಕಬೇಕೆಂದು ಕೇಳಿಕೊಳ್ಳುತ್ತೇನೆ.

ಶಾಸನದ ಪಾಠವನ್ನು ತೋರಿಸುವ ರೀತಿಯಲ್ಲಿ ಎರಡು ಬದಲಾವಣೆಗಳಾಗಿವೆ, ಎರಡೂ ಹಿಂದಕ್ಕೆ ಹೋಗಬೇಕು. ಮೊದಲನೆಯದು, ಕಲ್ಲಿನ ಸಾಲುಗಳು ಈಗ ಪರದೆಯ ಅಗಲಕ್ಕೆ ತಕ್ಕಂತೆ ಹರಿಯುತ್ತವೆ. ಶಾಸನದಲ್ಲಿ ಸಾಲೆಂದರೆ ವಿಳಾಸವಿದ್ದಂತೆ: ಏಳನೆಯ ಸಾಲಿನಲ್ಲಿ ಅರಸನ ಬಿರುದಿದೆ, ಹನ್ನೆರಡನೆಯದರಲ್ಲಿ ಭೂಮಿಯ ಅಳತೆಯಿದೆ ಎಂದೇ ನಾವು ಒಬ್ಬರಿಗೊಬ್ಬರು ಹೇಳುವುದು. ಮೊಬೈಲಿನಲ್ಲಿ ಒಂದು ಸಾಲು ಎರಡಾಗಿ ಮುರಿದರೂ, ಎಡಬದಿಯ ಸಂಖ್ಯೆ ಕಲ್ಲಿನ ಸಾಲಿನದೇ ಆಗಿರಬೇಕು. ಎರಡನೆಯದು, ಸಂದೇಹವಿರುವ ಅಕ್ಷರಗಳನ್ನು ಚೌಕ ಕಂಸದಲ್ಲಿ, ಅಳಿದ ಅಕ್ಷರಗಳನ್ನು ಚುಕ್ಕೆಗಳಿಂದ ತೋರಿಸುವ ಪದ್ಧತಿಯನ್ನು ಬಿಟ್ಟು, ಸಂದೇಹಕ್ಕೆ ಕಿತ್ತಳೆ, ನಷ್ಟಕ್ಕೆ ಕೆಂಪು, ಖಚಿತಕ್ಕೆ ಹಸಿರು ಎಂದು ಬಣ್ಣ ಕೊಡಲಾಗಿದೆ. ನೋಡಲು ಕಂಸಗಳ ಗದ್ದಲವಿಲ್ಲದೆ ಸ್ವಚ್ಛವಾಗಿದೆ ಎಂಬುದು ನಿಜ. ಆದರೆ ಪಾಠವನ್ನು ನಕಲು ಮಾಡಿ ಬೇರೆ ಕಡೆ ಅಂಟಿಸಿದ ತಕ್ಷಣ ಬಣ್ಣ ಹೋಗಿ, ಊಹಿಸಿ ಓದಿದ ಅಕ್ಷರವೂ ಕಲ್ಲಿನಲ್ಲಿ ಸ್ಪಷ್ಟವಾಗಿ ಇದ್ದ ಅಕ್ಷರವೂ ಒಂದೇ ಆಗಿಬಿಡುತ್ತವೆ. ಒಬ್ಬರ ಊಹೆ ಇನ್ನೊಬ್ಬರ ಲೇಖನದಲ್ಲಿ ಆಧಾರವಾಗಿ ಕೂರುತ್ತದೆ. ಕೆಂಪು ಹಸಿರಿನ ಭೇದ ಕಾಣದ ಕಣ್ಣುಗಳಿಗೆ ಆ ಗುರುತು ಮೊದಲಿನಿಂದಲೂ ಇಲ್ಲ, ಮುದ್ರಿಸಿಕೊಂಡು ಓದುವವರಿಗೂ ಇಲ್ಲ. ಮಾಹಿತಿಯನ್ನು ಬಣ್ಣವೊಂದರಿಂದಲೇ ತಿಳಿಸಬಾರದೆಂದು ಜಾಲತಾಣಗಳ ಸುಲಭಬಳಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಬಣ್ಣ ಬೇಕಾದರೆ ಇರಲಿ, ಕಂಸ ಮತ್ತು ಚುಕ್ಕೆಗಳು ಜೊತೆಗೆ ಮರಳಿ ಬರಲಿ.

ಅಕ್ಷರಗಳ ವಿಷಯದಲ್ಲಿ ಹೊಸ ಫಾಂಟ್ ದುಂಡಗೆ, ಓದಲು ಹಿತವಾಗಿದೆ. ಆದರೆ ಶೀರ್ಷಿಕೆಗಳಲ್ಲಿ ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರಗಳ ಅಳತೆಗೆ ಇಟ್ಟಿರುವುದರಿಂದ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುತ್ತದೆ. "ರಾಷ್ಟ್ರಕೂಟ" ಎಂಬಲ್ಲಿ ಟಕಾರದ ಕೆಳಗಿನ ರಕಾರದ ಒತ್ತು ಮಾಯವಾಗಿರುವುದನ್ನು ಹಲವರು ಗಮನಿಸಿದ್ದಾರೆ. ಕನ್ನಡಕ್ಕೆ ಸಾಲಿನ ಎತ್ತರ ಅಕ್ಷರದ ಗಾತ್ರದ ಒಂದೂವರೆ ಪಟ್ಟಾದರೂ ಇದ್ದರೆ ಈ ತೊಂದರೆ ಇರುವುದಿಲ್ಲ. ಇದಕ್ಕಿಂತ ದೊಡ್ಡ ತೊಡಕು ಹಳಗನ್ನಡದ ಱ, ೞ ಅಕ್ಷರಗಳದು. ಹತ್ತು, ಹನ್ನೊಂದನೆಯ ಶತಮಾನದ ದಾನಶಾಸನಗಳಲ್ಲಿ "ಕೆಱೆಯ ಬೞಿಯ" (ಕೆರೆಯ ಬಳಿಯ) ಭೂಮಿ ಅಡಿಗಡಿಗೆ ಬರುತ್ತದೆ, ಆದರೆ ಹೊಸ ಫಾಂಟಿನಲ್ಲಿ ಈ ಎರಡು ಅಕ್ಷರಗಳಿಲ್ಲ. ಕೆಲವು ಫೋನುಗಳಲ್ಲಿ ಅವು ಬೇರೆ ಫಾಂಟಿನಿಂದ ಬಂದು ಹೊಂದದೆ ನಿಲ್ಲುತ್ತವೆ, ಹಳೆಯ ಫೋನುಗಳಲ್ಲಿ ಖಾಲಿ ಡಬ್ಬಿಯಾಗಿ ಕಾಣುತ್ತವೆ. ಎರಡಕ್ಕೂ ಯೂನಿಕೋಡಿನಲ್ಲಿ ಸ್ಥಾನವಿದೆ, ನೋಟೋ ಸಾನ್ಸ್ ಕನ್ನಡದಂಥ ಉಚಿತ ಫಾಂಟಿನಲ್ಲಿ ಆಕಾರವೂ ಇದೆ. ಶಾಸನಪಾಠಕ್ಕೆ ಮಾತ್ರ ಅಂಥ ಫಾಂಟನ್ನು ಬಳಸಿ, ಉಳಿದೆಡೆ ಈಗಿನದನ್ನೇ ಇಡಬಹುದು.

ರಾಯಚೂರು ಜಿಲ್ಲೆಯ ಮಸ್ಕಿಯ ಅಶೋಕ ಶಾಸನದ ಪುಟಕ್ಕೂ ಇದೇ ಗತಿಯಾಗಿದೆ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರರ ಕಣ್ಣಿಗೆ ಬಿದ್ದ, "ದೇವಾನಾಂಪ್ರಿಯ" ಎಂಬ ಬಿರುದಿನ ಅರಸನೇ ಅಶೋಕ ಎಂದು ಹೆಸರು ಹೇಳಿ ತೋರಿಸಿದ ಆ ಶಾಸನದ ಬ್ರಾಹ್ಮೀ ಪಾಠವನ್ನು ನಮ್ಮ ಸದಸ್ಯರು ಬಹಳ ಮುತುವರ್ಜಿಯಿಂದ ಬೆರಳಚ್ಚು ಮಾಡಿದ್ದರು. ಬ್ರಾಹ್ಮೀ ಲಿಪಿ 2010ರಲ್ಲಿಯೇ ಯೂನಿಕೋಡಿಗೆ ಸೇರಿದೆ. ಹಳೆಯ ತಾಣದಲ್ಲಿ ಅದಕ್ಕೆ ಪ್ರತ್ಯೇಕ ಫಾಂಟ್ ಇತ್ತು. ಹೊಸದರಲ್ಲಿ ಅದು ಬಿಟ್ಟುಹೋಗಿ, ನಮ್ಮ ಜಿಲ್ಲೆಗಳ ಅತ್ಯಂತ ಹೆಸರಾದ ಶಾಸನದ ಪುಟದಲ್ಲಿ ಸಾಲು ಸಾಲು ಡಬ್ಬಿಗಳೇ ಕಾಣುತ್ತಿವೆ. ಚಿತ್ರಗಳ ಆಕಾರದ ಜೊತೆಗೇ ಇದನ್ನೂ ಬೇಗ ಸರಿಪಡಿಸಬೇಕು. ಶಾಲೆಯ ಮಕ್ಕಳಿಗೆ ಮೊದಲು ತೋರಿಸುವ ಪುಟ ಅದೇ.

ಬಣ್ಣದ ಆಯ್ಕೆಯ ಬಗ್ಗೆ ಹೇಳುವಾಗ ನಮ್ಮ ಬಿಸಿಲನ್ನು ನೆನೆಯಲೇಬೇಕು. ಈ ತಾಣವನ್ನು ಮೇಜಿನ ಮುಂದೆ ಕುಳಿತು ನೋಡುವವರಿಗಿಂತ ಕಲ್ಲಿನ ಮುಂದೆ ನಿಂತು ನೋಡುವವರು ಹೆಚ್ಚು. ಏಪ್ರಿಲ್ ತಿಂಗಳ ಹಗಲಿನಲ್ಲಿ, ನಲವತ್ತು ಡಿಗ್ರಿ ದಾಟಿದ ಬಿಸಿಲಿನಲ್ಲಿ, ಕೊಪ್ಪಳದ ಪಾಲ್ಕಿಗುಂಡಿನ ಬಂಡೆ ಏರಿ ಫೋನು ತೆಗೆದರೆ, ಮರಳುಬಣ್ಣದ ಹಿನ್ನೆಲೆಯ ಮೇಲಿನ ತಿಳಿಬೂದು ಅಕ್ಷರಗಳು ಇವೆಯೋ ಇಲ್ಲವೋ ಎಂಬಂತಾಗುತ್ತವೆ. ಸಾಮಾನ್ಯ ಗಾತ್ರದ ಬರಹಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು, ದೊಡ್ಡ ಶೀರ್ಷಿಕೆಗಳಿಗೆ 3ಕ್ಕೆ 1ರಷ್ಟು ಬೆಳಕಿನ ಅಂತರವಿರಬೇಕೆಂದು ಮೇಲೆ ಹೇಳಿದ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ, ಅದನ್ನು ಅಳೆಯುವ ಉಚಿತ ಸಾಧನಗಳೂ ಇವೆ. ನಮ್ಮ ಪುಟದ ವಿವರಗಳ ಭಾಗ ಮೂರನ್ನೂ ಮುಟ್ಟುವುದಿಲ್ಲ. ನಮ್ಮ ಊರಿನ ಬಿಸಿಲಿಗೆ ನಾಲ್ಕೂವರೆ ಕೂಡ ಕಡಿಮೆ ಎಂದೇ ನನ್ನ ಅಭಿಪ್ರಾಯ; ಬಿಳಿಯ ಮೇಲೆ ಕಡುಕಪ್ಪಿಗೆ ಸಮೀಪದ ಬಣ್ಣ ಇದ್ದುಬಿಡಲಿ. ಬರಹದ ಹಿಂದೆ ಹಾಕಿರುವ ಕಲ್ಲಿನ ಹೊರಮೈಯಂಥ ಚಿತ್ತಾರವನ್ನೂ ತೆಗೆಯಬೇಕು, ಏಕೆಂದರೆ ಅದರ ಚುಕ್ಕೆಗಳು ಸೊನ್ನೆಗಳೊಂದಿಗೆ ಬೆರೆತು ಕಣ್ಣಿಗೆ ಮೋಸ ಮಾಡುತ್ತವೆ. ಮುಖಪುಟದಲ್ಲಿ ತಾನಾಗಿ ಓಡುವ ಡ್ರೋನ್ ವಿಡಿಯೋ ಸೊಗಸಾಗಿದೆ, ಆದರೆ ನೆಟ್‌ವರ್ಕ್ ಕ್ಷೀಣವಿರುವ ಹಳ್ಳಿಗಳಲ್ಲಿ ಅದು ತೆರೆಯುವವರೆಗೆ ಬೇರೇನೂ ತೆರೆಯುವುದಿಲ್ಲ. ಮುಟ್ಟಿದರೆ ಮಾತ್ರ ಓಡುವಂತೆ ಮಾಡಬಹುದು. ಹೆಸರಿಲ್ಲದ ಐಕಾನುಗಳ ಕೆಳಗೆ ಒಂದೊಂದು ಪದ ಬರೆದರೆ ಹಿರಿಯರಿಗೆ ಅನುಕೂಲ.

ಇನ್ನು ಜಿಲ್ಲೆ, ತಾಲ್ಲೂಕುಗಳ ಫಿಲ್ಟರ್. ಇದು ರೂಪದ ಪ್ರಶ್ನೆಯೆಂದು ಮೇಲ್ನೋಟಕ್ಕೆ ಅನಿಸದಿದ್ದರೂ, ಹಳೆಯ ಉದ್ದನೆಯ ಪಟ್ಟಿಯನ್ನು ತೆಗೆದು ಅಚ್ಚುಕಟ್ಟಾದ ಮೆನು ಮಾಡಿದ್ದರಿಂದಲೇ ಬಂದ ಸಮಸ್ಯೆ. ಮೆನುವಿನಲ್ಲಿ ಈಗಿನ ಜಿಲ್ಲೆಗಳು ಮಾತ್ರ ಇವೆ. ನಮ್ಮ ಸೀಮೆಯ ಗಡಿಗಳು ಎಷ್ಟು ಸಲ ಬದಲಾಗಿವೆ ಎಂಬುದನ್ನು ನೆನೆದರೆ ಇದರ ಕಷ್ಟ ತಿಳಿಯುತ್ತದೆ. ಬಳ್ಳಾರಿ 1953ರವರೆಗೆ ಮದ್ರಾಸಿನಲ್ಲಿತ್ತು, ರಾಯಚೂರು 1956ರವರೆಗೆ ಹೈದರಾಬಾದಿನಲ್ಲಿತ್ತು. ಆದ್ದರಿಂದ ತುಂಗಭದ್ರಾ ಹೊಳೆಯ ಆಚೆ ಈಚೆಯ ಶಾಸನಗಳು ಬೇರೆ ಬೇರೆ ಇಲಾಖೆಗಳ ಬೇರೆ ಬೇರೆ ಸಂಪುಟಗಳಲ್ಲಿ ಪ್ರಕಟವಾದವು. ಕೊಪ್ಪಳ ಜಿಲ್ಲೆ 1997ರಲ್ಲಿ ರಾಯಚೂರಿನಿಂದ ಬೇರೆಯಾಯಿತು. ಹರಪನಹಳ್ಳಿ ಅದೇ ವರ್ಷ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, 2018ರಲ್ಲಿ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಲಿಂಗಸುಗೂರು ತಾಲ್ಲೂಕಿನಲ್ಲಿದ್ದ ಮಸ್ಕಿ ಈಗ ತಾನೇ ತಾಲ್ಲೂಕು ಕೇಂದ್ರ, ಯಲಬುರ್ಗಾ ತಾಲ್ಲೂಕಿನ ಇಟಗಿ ಈಗ ಕುಕನೂರು ತಾಲ್ಲೂಕಿನಲ್ಲಿದೆ. ಹಳೆಯ ಸಂಪುಟವನ್ನು ಕೈಯಲ್ಲಿ ಹಿಡಿದು "ಬಳ್ಳಾರಿ ಜಿಲ್ಲೆ, ಹೊಸಪೇಟೆ ತಾಲ್ಲೂಕು" ಎಂದು ಹುಡುಕುವವನಿಗೆ ಹೊಸ ಮೆನುವಿನಲ್ಲಿ ಒಂದು ಕಲ್ಲೂ ಸಿಗುವುದಿಲ್ಲ. ಪ್ರತಿ ಊರಿಗೂ ಈಗಿನ ವಿಳಾಸದ ಜೊತೆಗೆ ಪ್ರಕಟಣೆಯ ಕಾಲದ ವಿಳಾಸವನ್ನೂ ಇಟ್ಟು, ಎರಡರಿಂದಲೂ ಹುಡುಕಲು ಬರುವಂತೆ ಮಾಡಬೇಕು.

ಕಾಲದ ವಿಷಯದಲ್ಲಿಯೂ ಇಂಥದೇ ಸರಳೀಕರಣ ನಡೆದಿದೆ. ಕಾರ್ಡಿನ ಮೇಲೆ ಕ್ರಿಸ್ತಶಕದ ವರ್ಷ ದೊಡ್ಡದಾಗಿ ಬರುತ್ತದೆ, ಶಾಸನದಲ್ಲಿ ಬರೆದಿರುವ ಕಾಲ ಒಳಗಿನ ಪುಟದ ತುದಿಗೆ ಹೋಗಿದೆ. ಇಟಗಿಯ ಮಹಾದೇವ ದೇವಾಲಯದ ಶಾಸನ 1112ರದು ಎಂದು ತಿಳಿಯುವುದು ಒಳ್ಳೆಯದೇ. ಆದರೆ ಆ ಕಾಲದಲ್ಲಿ ಈ ಭಾಗದಲ್ಲಿ ಕಲ್ಲು ಬರೆಸಿದವರು ಎಣಿಸುತ್ತಿದ್ದದ್ದು ಆರನೆಯ ವಿಕ್ರಮಾದಿತ್ಯ 1076ರಲ್ಲಿ ಆರಂಭಿಸಿದ ಚಾಲುಕ್ಯ ವಿಕ್ರಮ ವರ್ಷದಲ್ಲಿ, ಸಂವತ್ಸರದ ಹೆಸರು ಹೇಳಿ. ಶಕವರ್ಷ ಬರೆದಿರುವ ಕಲ್ಲುಗಳಲ್ಲಿ ಅದಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದಾದರೂ, ವರ್ಷ ತಿರುಗುವುದು ಚೈತ್ರದಲ್ಲಾದ್ದರಿಂದ ಪುಷ್ಯ, ಮಾಘ, ಫಾಲ್ಗುಣದ ದಾನಗಳಿಗೆ 79 ಕೂಡಿಸಬೇಕಾಗಬಹುದು. ಸಂವತ್ಸರ, ಮಾಸ, ತಿಥಿ, ವಾರಗಳು ಕಣ್ಣೆದುರು ಇದ್ದರೆ ಓದುಗ ತಾನೇ ಲೆಕ್ಕ ಪರಿಶೀಲಿಸಬಹುದು. ಕಾರ್ಡಿನಲ್ಲಿ ಮೊದಲು ಕಲ್ಲಿನ ಕಾಲ, ಅದರ ಕೆಳಗೆ ಕ್ರಿಸ್ತಶಕ ಬರುವುದು ಸರಿಯಾದ ಕ್ರಮ.

ಮುಂದೆ ಅಭಿಪ್ರಾಯ ಬರೆಯುವ ಸದಸ್ಯರಲ್ಲಿ ನನ್ನದೊಂದು ವಿನಂತಿ. ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವುದರ ಜೊತೆಗೆ ಯಾವ ಕಲ್ಲಿನ ಪುಟ, ಯಾವ ಫೋನು, ಹೊರಗೆ ಬಿಸಿಲಿನಲ್ಲಿಯೋ ಮನೆಯೊಳಗೋ, ಏನು ಮಾಡಲು ಹೋಗಿ ಎಲ್ಲಿ ನಿಂತಿರಿ ಎಂಬುದನ್ನು ಬರೆಯಿರಿ, ಆಗುವುದಾದರೆ ಪರದೆಯ ಚಿತ್ರವನ್ನೂ ಕಳಿಸಿರಿ. ಸಿರುಗುಪ್ಪದ ಮಾಸ್ತರರು ತಲೆಯಿಲ್ಲ, ಕಾಲಿಲ್ಲ ಎಂದ ಒಂದೇ ಮಾತಿನಿಂದ ಹುಡುಗಿಗೆ ದೋಷ ತಕ್ಷಣ ತಿಳಿಯಿತು. ಅವರಿಗೆ ವಿನ್ಯಾಸದ ಪರಿಭಾಷೆ ಬೇಕಾಗಲಿಲ್ಲ. ಹೊಸದನ್ನು ಪೂರ್ತಿ ಕಿತ್ತುಹಾಕಿ ಹಳೆಯದನ್ನೇ ತನ್ನಿ ಎಂಬ ಬೇಡಿಕೆಯನ್ನು ನಾನು ಒಪ್ಪುವುದಿಲ್ಲ. ಹಳೆಯ ತಾಣ ಮೊಬೈಲಿನಲ್ಲಿ ಸರಿಯಾಗಿ ತೆರೆಯದೆ ಎಷ್ಟು ಮಂದಿ ವಿದ್ಯಾರ್ಥಿಗಳು ಹಿಂದಿರುಗಿದ್ದಾರೆಂಬುದನ್ನು ನಾವೆಲ್ಲ ಕಂಡಿದ್ದೇವೆ.

ಕೊನೆಗೆ ಉಳಿದಿರುವುದು ಲಿಂಕುಗಳ ಕೆಲಸ. ಹೊಸ ರೂಪದೊಂದಿಗೆ ಪ್ರತಿ ಕಲ್ಲಿನ ಪುಟದ ವಿಳಾಸವೂ ಬದಲಾಗಿ, ಸಂಶೋಧನ ಪ್ರಬಂಧಗಳಲ್ಲಿ, ಊರಿನ ಸ್ಮರಣ ಸಂಚಿಕೆಗಳಲ್ಲಿ ಅಚ್ಚಾಗಿರುವ ಹಳೆಯ ವಿಳಾಸಗಳು ಎಲ್ಲಿಗೂ ತಲುಪುತ್ತಿಲ್ಲ. ಹಳೆಯ ವಿಳಾಸ ಹಾಕಿದರೆ ಅದೇ ಕಲ್ಲಿನ ಹೊಸ ಪುಟ ತೆರೆಯುವಂತೆ ಮಾಡಲು ಸಾಧ್ಯವಿದೆಯೆಂದು ಹುಡುಗಿ ಹೇಳಿದ್ದಾಳೆ, ಆದರೆ ಯಾವುದಕ್ಕೆ ಯಾವುದು ಎಂಬ ಜೋಡಿಪಟ್ಟಿ ಅವಳಿಗೆ ಬೇಕು. ಬಳ್ಳಾರಿ, ಕುರುಗೋಡು, ಸಂಡೂರು ತಾಲ್ಲೂಕುಗಳ ಪಟ್ಟಿಯನ್ನು ನಾನು ಮಾಡುತ್ತಿದ್ದೇನೆ. ಸಿರುಗುಪ್ಪದ್ದನ್ನು ಮಾಸ್ತರರು ವಹಿಸಿಕೊಂಡಿದ್ದಾರೆ. ಗಂಗಾವತಿ, ಕುಕನೂರು, ಮಾನ್ವಿ, ಸಿಂಧನೂರು ಮತ್ತು ಮಸ್ಕಿಯ ಕಡೆಯವರು ತಮ್ಮ ತಮ್ಮ ತಾಲ್ಲೂಕಿನ ಹಳೆಯ ಲಿಂಕುಗಳನ್ನು ಹುಡುಕಿ, ಊರಿನ ಹೆಸರು ಮತ್ತು ಕಲ್ಲು ಇರುವ ಜಾಗದೊಂದಿಗೆ ಬರೆದು ಕಳಿಸಿದರೆ, ಮಳೆಗಾಲ ಹಿಡಿಯುವುದರೊಳಗೆ ಈ ಕೆಲಸ ಮುಗಿಯುತ್ತದೆ.